ಆಟಿಕೆ ರೈಲು, ಅಸಲಿ ಮಜಾ: ಇಟಲಿಯ ಅಗ್ಗದ ಯುದ್ಧ ಚಿತ್ರಗಳ ಮೋಡಿ

ಹಾಲಿವುಡ್ ನಿರ್ದೇಶಕ ಕ್ವೆಂಟಿನ್ ಟರಂಟಿನೊ 2009ರಲ್ಲಿ ‘ಇನ್‌ಗ್ಲೋರಿಯಸ್ ಬಾಸ್ಟರ್ಡ್ಸ್’ ತೆರೆಗೆ ತಂದಾಗ, ಹೆಸರಿನ ಇಂಗ್ಲಿಷ್ ಕಾಗುಣಿತ ಬೇಕೆಂದೇ ತಪ್ಪಿಸಿದ್ದರ ಬಗ್ಗೆ ಭಾರೀ ಮಾತಾಯಿತು. ಆ ಹೆಸರು ಯಾರದು ಎಂಬ ಮಾತು ಅಷ್ಟಾಗಿ ಬರಲಿಲ್ಲ. ಅದು 1978ರಲ್ಲಿ ಬಂದ ಒಂದು ಇಟಾಲಿಯನ್ ಚಿತ್ರದ ಹೆಸರು. ನಿರ್ದೇಶಕ ಎಂಜೊ ಕಾಸ್ಟೆಲಾರಿ. ಟರಂಟಿನೊ ಹೆಸರನ್ನಷ್ಟೇ ಎತ್ತಿಕೊಂಡು ಸುಮ್ಮನಾಗಲಿಲ್ಲ, ಹಳೆಯ ಕಾಸ್ಟೆಲಾರಿಯವರನ್ನೇ ಕರೆಸಿ ತಮ್ಮ ಚಿತ್ರದಲ್ಲಿ ಒಂದು ಸಣ್ಣ ಪಾತ್ರ ಕೊಟ್ಟರು. ಹಳೆಯ ಚಿತ್ರದ ನಾಯಕ ಬೊ ಸ್ವೆನ್ಸನ್ ಕೂಡ ಹೀಗೆ ಬಂದು ಹಾಗೆ ಹೋಗುತ್ತಾರೆ. ಬ್ರಾಡ್ ಪಿಟ್ ಇಟಲಿಯವನಂತೆ ವೇಷ ಹಾಕಿಕೊಂಡು ಹೇಳುವ ಸುಳ್ಳು ಹೆಸರಲ್ಲೂ ಕಾಸ್ಟೆಲಾರಿಯವರ ಹುಟ್ಟು ಹೆಸರಿನ ಛಾಯೆ ಇದೆ. ಜೊತೆಗಾರನ ಸುಳ್ಳು ಹೆಸರು ಆಂಟೋನಿಯೊ ಮಾರ್ಗರಿಟಿ. ಅದೂ ನಿಜವಾದ ನಿರ್ದೇಶಕನದೇ ಹೆಸರು.

ಇಷ್ಟು ದೊಡ್ಡ ನಿರ್ದೇಶಕ ಇಷ್ಟೊಂದು ಗೌರವ ಕೊಟ್ಟದ್ದು ಯಾರಿಗೆ ಎಂದು ನೋಡಿದರೆ ನಗು ಬರುತ್ತದೆ. ಆಟಿಕೆ ರೈಲು ಉಡಾಯಿಸಿ ‘ಮಹಾಯುದ್ಧ’ ಎಂದವರಿಗೆ, ಬೇರೆ ಚಿತ್ರದಿಂದ ಕತ್ತರಿಸಿ ತಂದ ಬಾಂಬಿನ ದೃಶ್ಯವನ್ನು ತಮ್ಮ ಚಿತ್ರಕ್ಕೆ ಅಂಟಿಸಿದವರಿಗೆ!

ಶಾವಿಗೆಯಾದ ಮೇಲೆ ಮ್ಯಾಕರೋನಿ

ಇಟಲಿಯವರು ಮಾಡಿದ ಕೌಬಾಯ್ ಚಿತ್ರಗಳಿಗೆ ‘ಸ್ಪಾಗೆಟ್ಟಿ ವೆಸ್ಟರ್ನ್’ ಎಂಬ ಹೆಸರು ಬಿದ್ದದ್ದು ಬಹಳ ಜನಕ್ಕೆ ಗೊತ್ತು. ಸ್ಪಾಗೆಟ್ಟಿ ಅಂದರೆ ಅವರ ಶಾವಿಗೆ ಅನ್ನಿ. 1964ರಲ್ಲಿ ಸರ್ಜಿಯೊ ಲಿಯೋನಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಮಾಡಿ ಗೆದ್ದ ಮೇಲೆ ಆ ಶಾವಿಗೆಗೆ ಲೆಕ್ಕವೇ ಇಲ್ಲದಂತಾಯಿತು. ಯುದ್ಧ ಚಿತ್ರಗಳ ಸರದಿ ಬಂದಾಗ ಅದೇ ತಮಾಷೆ ಮುಂದುವರಿದು ಅವು ‘ಮ್ಯಾಕರೋನಿ ಕಾಂಬ್ಯಾಟ್’ ಆದವು.

ಇವುಗಳ ಹುಟ್ಟಿನ ಗುಟ್ಟು ಸರಳ. ‘ದಿ ಗನ್ಸ್ ಆಫ್ ನವರೋನ್’ 1961ರಲ್ಲೂ, ‘ದಿ ಡರ್ಟಿ ಡಜನ್’ 1967ರಲ್ಲೂ ಹಣದ ಮಳೆ ಸುರಿಸಿದವು. ಶತ್ರುವಿನ ನೆಲಕ್ಕೆ ನುಗ್ಗುವ ನಾಲ್ಕಾರು ಜನರ ತಂಡ, ಒಬ್ಬೊಬ್ಬನಿಗೂ ಒಂದೊಂದು ಕೈಚಳಕ, ಕೊನೆಗೆ ಒಂದು ದೊಡ್ಡ ಸ್ಫೋಟ. ರೋಮ್‌ನ ನಿರ್ಮಾಪಕರು ಈ ಅಚ್ಚನ್ನು ಹಿಡಿದುಕೊಂಡರು. ಗೆದ್ದ ಚಿತ್ರದ ಬೆನ್ನು ಹತ್ತಿ ಅದೇ ಜಾಡಿನಲ್ಲಿ ಹತ್ತಾರು ಚಿತ್ರ ಹೊರಡುವುದಕ್ಕೆ ಅಲ್ಲಿ ‘ಫಿಲೋನೆ’ ಎಂಬ ಹೆಸರೇ ಇದೆ. ನಮ್ಮಲ್ಲೂ ನಾಗರಹಾವಿನ ಚಿತ್ರ ಒಂದು ಓಡಿದರೆ ಹಿಂದೆಯೇ ನಾಲ್ಕು ಹಾವು ಹೊರಡುತ್ತವಲ್ಲ, ಹಾಗೇ.

1967ರಿಂದ 70ರವರೆಗಿನ ಮೂರು ನಾಲ್ಕು ವರ್ಷ ಇವುಗಳ ಸುಗ್ಗಿ. 1968ರ ‘ಕಮಾಂಡೋಸ್’ ಚಿತ್ರದಲ್ಲಿ ಕೌಬಾಯ್ ಚಿತ್ರಗಳ ಖ್ಯಾತಿಯ ಲೀ ವಾನ್ ಕ್ಲೀಫ್ ಸಾರ್ಜೆಂಟ್ ಆದರು. ಮುಂದೆ ಭಯಾನಕ ಚಿತ್ರಗಳಿಗೆ ಹೆಸರಾದ ಡಾರಿಯೊ ಅರ್ಜೆಂಟೊ ಅದರ ಕಥೆಗಾರರಲ್ಲಿ ಒಬ್ಬರು. 1969ರಲ್ಲಿ ಕಾಸ್ಟೆಲಾರಿಯವರ ‘ಈಗಲ್ಸ್ ಓವರ್ ಲಂಡನ್’ ಬಂತು. ಅದೇ ವರ್ಷದ ‘ಫೈವ್ ಫಾರ್ ಹೆಲ್’ ಅಂತೂ ಕೇಳಲೇಬೇಡಿ. ಅಲ್ಲಿ ಕಮಾಂಡೊಗಳು ಜಿಗಿಯುವ ಸ್ಪ್ರಿಂಗ್ ಪಟ್ಟಿ ಹೊತ್ತುಕೊಂಡೇ ಯುದ್ಧಕ್ಕೆ ಹೋಗುತ್ತಾರೆ, ಬೇಲಿ ಬಂದರೆ ಅದರ ಮೇಲೆ ಕುಣಿದು ಆಚೆ ಹಾರುತ್ತಾರೆ. ಒಬ್ಬನಿಗೆ ಬೇಸ್‌ಬಾಲ್ ಚೆಂಡೇ ಆಯುಧ. ಜರ್ಮನ್ ಸೈನ್ಯ ಇಂಥವರ ಕೈಲಿ ಸೋತಿತು ಎಂದು ನಂಬಲು ದೊಡ್ಡ ಮನಸ್ಸು ಬೇಕು. ಆದರೆ ನೋಡುತ್ತಾ ಕೂತರೆ ಎದ್ದು ಹೋಗಲು ಮನಸ್ಸು ಬರುವುದಿಲ್ಲ.

ಕಾಸಿಗೆ ತಕ್ಕ ಕಜ್ಜಾಯ

ಅಗ್ಗ ಎಂದರೆ ಎಷ್ಟು ಅಗ್ಗ? ಮೊದಲು ಹೆಸರಿನಿಂದ ಶುರು. ಇಟಾಲಿಯನ್ ಹೆಸರಿದ್ದರೆ ಹೊರದೇಶದಲ್ಲಿ ಚಿತ್ರ ಮಾರಾಟವಾಗದು ಎಂಬ ಭಯ. ಅದಕ್ಕೇ ಮಾರ್ಗರಿಟಿ ‘ಆಂಥೊನಿ ಡಾಸನ್’ ಆದರು, ಬ್ರೂನೊ ಮಟ್ಟೇಯಿ ‘ವಿನ್ಸೆಂಟ್ ಡಾನ್’ ಆದರು, ಜೊರ್ಜೊ ಫೆರೋನಿ ‘ಕ್ಯಾಲ್ವಿನ್ ಜಾಕ್ಸನ್ ಪ್ಯಾಜೆಟ್’ ಎಂಬ ಮೂರು ಮೊಳದ ಹೆಸರು ಇಟ್ಟುಕೊಂಡರು.

ಆಮೇಲೆ ನಟರು. ಬೇಡಿಕೆ ಇಳಿದ ಒಬ್ಬ ಹಾಲಿವುಡ್ ನಟನನ್ನು ಕರೆತಂದರೆ ಪೋಸ್ಟರಿನಲ್ಲಿ ಹೆಸರು ದೊಡ್ಡದಾಗಿ ಹಾಕಬಹುದು. ಸ್ವಲ್ಪ ದಿನದಲ್ಲಿ ಅವನ ಭಾಗ ಮುಗಿಸಿ ಕಳಿಸಿದರಾಯಿತು. ಉಳಿದವರು ಇಟಲಿ, ಸ್ಪೇನ್, ಜರ್ಮನಿಯವರು. ಒಂದೇ ದೃಶ್ಯದಲ್ಲಿ ಒಬ್ಬ ಇಂಗ್ಲಿಷ್, ಇನ್ನೊಬ್ಬ ಸ್ಪ್ಯಾನಿಷ್, ಮತ್ತೊಬ್ಬ ಇಟಾಲಿಯನ್ ಆಡಿದರೂ ಚಿಂತೆಯಿಲ್ಲ. ಇಟಲಿಯಲ್ಲಿ ಚಿತ್ರೀಕರಣದ ಹೊತ್ತಿನ ಧ್ವನಿಯನ್ನು ಬಳಸುವ ವಾಡಿಕೆಯೇ ಆಗ ಇರಲಿಲ್ಲ. ಎಲ್ಲವನ್ನೂ ಸ್ಟುಡಿಯೊದಲ್ಲಿ ಕೂತು ಬೇಕಾದ ಭಾಷೆಗೆ ಡಬ್ ಮಾಡುತ್ತಿದ್ದರು. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆಗುತ್ತಿದ್ದುದು ಹೀಗೆ. ಕರ್ನಾಟಕದೊಳಗೆ ಡಬ್ಬಿಂಗ್ ಎಂದರೆ ದಶಕಗಟ್ಟಲೆ ದೊಡ್ಡ ಜಗಳ. ಆದರೆ ಹೊಸೂರಿನಲ್ಲಿ ತಮಿಳಿಗೆ, ರಾಯದುರ್ಗದಲ್ಲಿ ತೆಲುಗಿಗೆ ಡಬ್ ಆದ ಪರದೇಶಿ ಚಿತ್ರ ನೋಡಿ ಬೆಳೆದ ಗಡಿಯಾಚೆಯ ಕನ್ನಡಿಗರಿಗೆ ಈ ತುಟಿ-ಮಾತಿನ ವಿರಸ ಹೊಸದೇನಲ್ಲ.

ಇನ್ನು ಟ್ಯಾಂಕು, ವಿಮಾನ. ನಿಜವಾದ ಜರ್ಮನ್ ಟ್ಯಾಂಕುಗಳನ್ನು ಎಲ್ಲಿಂದ ತರುವುದು? ಯುದ್ಧ ಮುಗಿದ ಮೇಲೆ ತಯಾರಾದ ಅಮೆರಿಕದ ಟ್ಯಾಂಕಿಗೆ ಬಣ್ಣ ಬಳಿದು ಜರ್ಮನ್ ಗುರುತು ಹಾಕಿದರೆ ಕೆಲಸ ಆಯಿತು. ಸೇತುವೆ, ಅಣೆಕಟ್ಟು, ರೈಲು ಸಿಡಿಯಬೇಕಾದರೆ ಆಟಿಕೆಯಷ್ಟು ಚಿಕ್ಕ ಮಾದರಿ ಕಟ್ಟುವುದು. ಈ ಕಲೆಯಲ್ಲಿ ಮಾರ್ಗರಿಟಿಯವರದು ಎತ್ತಿದ ಕೈ. ಚಿಕ್ಕ ಮಾದರಿಯನ್ನು ಉಡಾಯಿಸುವಾಗ ಕ್ಯಾಮೆರಾವನ್ನು ವೇಗವಾಗಿ ಓಡಿಸಿ ಚಿತ್ರಿಸುತ್ತಾರೆ, ತೆರೆಯ ಮೇಲೆ ಅದು ನಿಧಾನವಾಗಿ ಕಾಣುತ್ತದೆ. ಆ ನಿಧಾನವೇ ಕಣ್ಣಿಗೆ ‘ಇದು ಭಾರವಾದ ವಸ್ತು’ ಎಂಬ ಭ್ರಮೆ ಹುಟ್ಟಿಸುತ್ತದೆ. ಒಮ್ಮೆ ಚಿತ್ರಿಸಿದ ಒಳ್ಳೆಯ ಸ್ಫೋಟವನ್ನು ಒಂದೇ ಚಿತ್ರಕ್ಕೆ ಬಳಸಿ ಬಿಸಾಡುವಷ್ಟು ಶ್ರೀಮಂತರು ಅಲ್ಲಿ ಇರಲಿಲ್ಲ. ಅದು ಮತ್ತೊಂದು ಚಿತ್ರದಲ್ಲೂ ಸಿಡಿಯುತ್ತಿತ್ತು.

ಇದನ್ನೆಲ್ಲ ಕೇಳಿದರೆ ಮೋಸ ಅನ್ನಿಸಬಹುದು. ಹಾಗನ್ನುವ ಮುಂಚೆ ನಮ್ಮ ಆಟಗಳನ್ನು ನೆನೆಯಬೇಕು. ಕಾಸರಗೋಡಿನ ಕಡೆ ಯಕ್ಷಗಾನದ ಕಾಳಗದಲ್ಲಿ ಅರ್ಜುನನ ರಥ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಚೆಂಡೆ ಏರಿದರೆ ರಥ ಓಡಿತು ಎಂದೇ ಅರ್ಥ. ಉತ್ತರದ ದೊಡ್ಡಾಟದಲ್ಲಿ ಕಟ್ಟಿಗೆಯ ಗದೆ ಬೀಸಿದರೂ ಮುಂದೆ ಕೂತ ಮಕ್ಕಳು ಹಿಂದೆ ಸರಿಯುತ್ತವೆ. ನೋಡುವವನು ಅರ್ಧ ಕೆಲಸ ತಾನು ಮಾಡುತ್ತಾನೆ. ಇಟಲಿಯ ಚಿತ್ರಗಳ ಅಭಿಮಾನಿಗಳೂ ಅಷ್ಟೇ. ಆಟಿಕೆ ರೈಲು ಎಂದು ಗೊತ್ತಿದ್ದೇ ಚಪ್ಪಾಳೆ ಹೊಡೆಯುತ್ತಾರೆ. ದುಡ್ಡಿಲ್ಲದವನು ತಲೆ ಓಡಿಸಿದ್ದು ಕಣ್ಣಿಗೆ ಕಾಣುತ್ತದಲ್ಲ, ಅದರ ಖುಷಿಯೇ ಬೇರೆ.

ಮೆಚ್ಚುಗೆಗೆ ಇನ್ನೂ ಒಂದು ಕಾರಣ ಇದೆ. ಹಾಲಿವುಡ್‌ನ ದೊಡ್ಡ ಯುದ್ಧ ಚಿತ್ರದಲ್ಲಿ ಜನರಲ್‌ಗಳು ನಕ್ಷೆ ಮುಂದಿಟ್ಟುಕೊಂಡು ಭಾಷಣ ಮಾಡುತ್ತಾರೆ. ಇಲ್ಲಿ ನಾಯಕರೆಂದರೆ ಕಳ್ಳರು, ಓಡಿಹೋದ ಸಿಪಾಯಿಗಳು, ಶಿಕ್ಷೆಗೆ ಒಳಗಾದವರು. 1978ರ ಆ ಚಿತ್ರವನ್ನೇ ನೋಡಿ: ಫ್ರಾನ್ಸಿನಲ್ಲಿ ವಿಚಾರಣೆಗೆ ಒಯ್ಯುತ್ತಿದ್ದ ಅಮೆರಿಕನ್ ಸೈನಿಕ ಕೈದಿಗಳು ದಾಳಿಯ ಗದ್ದಲದಲ್ಲಿ ತಪ್ಪಿಸಿಕೊಂಡು ಸ್ವಿಟ್ಜರ್‌ಲೆಂಡಿನ ದಾರಿ ಹಿಡಿಯುತ್ತಾರೆ. ದಾರಿಯಲ್ಲಿ ಜರ್ಮನ್ ಸಮವಸ್ತ್ರದವರನ್ನು ಹೊಡೆದುರುಳಿಸುತ್ತಾರೆ. ನೋಡಿದರೆ ಅವರು ವೇಷ ಮರೆಸಿ ಬಂದ ತಮ್ಮದೇ ಕಮಾಂಡೊಗಳು! ಸತ್ತವರ ಕೆಲಸ ಈಗ ಇವರ ತಲೆಗೆ ಬೀಳುತ್ತದೆ: ಜರ್ಮನ್ನರ ಶಸ್ತ್ರಸಜ್ಜಿತ ರೈಲಿನ ಮೇಲೆ ದಾಳಿ. ದೇಶಭಕ್ತಿಯ ಪಾಠ ಇಲ್ಲ, ಮಾಡಿದ ಎಡವಟ್ಟಿನ ಋಣ ತೀರಿಸುವುದಷ್ಟೇ. ಕೈದಿಗಳಲ್ಲೊಬ್ಬ ಕರಿಯ ಸೈನಿಕ, ಆ ಪಾತ್ರದಲ್ಲಿ ಫ್ರೆಡ್ ವಿಲಿಯಮ್ಸನ್. ಅವನು ಯಾರ ಹಿಂದೂ ನಿಲ್ಲುವುದಿಲ್ಲ.

ಫ್ರಾನ್ಸೆಸ್ಕೊ ಡಿ ಮಾಸಿಯವರ ಸಂಗೀತ ಇಂಥ ಕಥೆಗೆ ಸೀಟಿ ಹೊಡೆಯುವ ಹುರುಪು ತುಂಬುತ್ತದೆ. ‘ಡರ್ಟಿ ಹೀರೋಸ್’ ಎಂಬ 1967ರ ಚಿತ್ರಕ್ಕೆ ಎನ್ನಿಯೊ ಮೊರಿಕೋನೆಯವರೇ ಸಂಗೀತದಲ್ಲಿ ಕೈ ಜೋಡಿಸಿದ್ದರು. ಕಾಸು ಕಡಿಮೆ ಇದ್ದರೂ ಬಾಜಾ ಬಜಂತ್ರಿಗೆ ಇಟಲಿಯವರು ಜಿಪುಣತನ ಮಾಡಿದವರಲ್ಲ.

ಗೆದ್ದವರ ವೇಷ, ಸೋತವರ ಕಥೆ

ಒಂದು ವಿಚಿತ್ರ ಗಮನಿಸಬೇಕು. ಇಟಲಿಯಲ್ಲಿ ತಯಾರಾದ ಚಿತ್ರಗಳಿಗೆ ಅಮೆರಿಕದವನೇ ಯಾಕೆ ನಾಯಕ? ಮಾರುಕಟ್ಟೆ ಒಂದು ಕಾರಣ. ಇನ್ನೊಂದು, ಮುಸೊಲಿನಿಯ ಇಟಲಿ 1943ರ ಸೆಪ್ಟೆಂಬರ್ ತನಕ ಹಿಟ್ಲರನ ಪಕ್ಕದಲ್ಲಿ ನಿಂತು ಕಾದಿತ್ತು. ಆ ನೆನಪನ್ನು ಕೆದಕದೆ ಸಿನಿಮಾ ಮಾಡಬೇಕಾದರೆ ಅಮೆರಿಕನ್ ಟೋಪಿ ಹಾಕಿಕೊಳ್ಳುವುದೇ ಸುಲಭ. ‘ಕಮಾಂಡೋಸ್’ನಲ್ಲಿ ಇಟಲಿ ಮೂಲದ ಅಮೆರಿಕನ್ನರು ಇಟಲಿ ಸೈನಿಕರ ವೇಷ ಹಾಕಿ ಆಫ್ರಿಕದ ಮರುಭೂಮಿಯಲ್ಲಿ ಒಂದು ಓಯಸಿಸ್ ಹಿಡಿಯುತ್ತಾರೆ. ವೇಷದೊಳಗೆ ವೇಷ! ಫೆರೋನಿಯವರ ‘ದಿ ಬ್ಯಾಟಲ್ ಆಫ್ ಎಲ್ ಅಲಮೇನ್’ (1969) ಮಾತ್ರ ನೇರವಾಗಿ ಇಟಲಿಯ ಸೋತ ಸಿಪಾಯಿಗಳ ಕಡೆ ನಿಂತಿತು. ನೀರಿಲ್ಲದೆ, ಮದ್ದುಗುಂಡು ಮುಗಿದು ಮರಳಿನಲ್ಲಿ ಉಳಿದವರ ಆ ಚಿತ್ರಕ್ಕೆ ಉಳಿದವುಗಳಿಗಿಂತ ತೂಕ ಹೆಚ್ಚು.

ಅದೇ ಎಲ್ ಅಲಮೇನ್ ಯುದ್ಧದಲ್ಲಿ, 1942ರಲ್ಲಿ, ಎದುರು ಪಾಳಯದಲ್ಲಿ ಭಾರತದ 4ನೇ ಡಿವಿಜನ್ ಇತ್ತು. ಆಮೇಲೆ 1943ರಿಂದ 45ರವರೆಗೆ ಭಾರತದ 4, 8 ಮತ್ತು 10ನೇ ಡಿವಿಜನ್‌ಗಳು ಇಟಲಿಯ ನೆಲದಲ್ಲೇ ಕಾದಿದವು. ಅಲ್ಲಿ ಸತ್ತ ಭಾರತೀಯರು 5,700ಕ್ಕೂ ಹೆಚ್ಚು. ಈ ಅಗ್ಗದ ಚಿತ್ರಗಳ ಹೆಸರಾಂತ ಕಥೆಗಳಲ್ಲಿ ಅವರಿಗೆ ಜಾಗ ಸಿಗಲಿಲ್ಲ. ದುಬಾರಿ ಹಾಲಿವುಡ್ ಚಿತ್ರಗಳೂ ಅವರನ್ನು ವಿಚಾರಿಸಿದ್ದು ಕಡಿಮೆಯೇ ಅನ್ನಿ.

ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಮನೆಗಳಿಗೆ ಇದು ದೂರದ ಮಾತಲ್ಲ. ಇಟಲಿಯಲ್ಲಿ ಕಾದಿದ ಪಡೆಗಳಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ ಒಂದು. ಅದರ ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ. ಗಡಿಯ ಈಚೆ ಆಚೆ ಎರಡೂ ಕಡೆಯ ಹುಡುಗರು ಅಲ್ಲಿ ಭರ್ತಿಯಾಗುತ್ತ ಬಂದವರು. ಆ ರೆಜಿಮೆಂಟಿನ ಇಬ್ಬರು ಇಟಲಿಯ ರಣರಂಗದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದರು. ಇಂದಿನ ರಾಯಗಡ ಜಿಲ್ಲೆಯ ನಾಯಕ್ ಯಶವಂತ ಘಾಡಗೆ 1944ರ ಜುಲೈ 10ರಂದು, ತನ್ನ ತುಕಡಿಯ ಉಳಿದವರೆಲ್ಲ ಸತ್ತೋ ಗಾಯಗೊಂಡೋ ಬಿದ್ದ ಮೇಲೆ ಒಬ್ಬನೇ ಮೆಷಿನ್‌ಗನ್ನಿನ ಮೇಲೆ ನುಗ್ಗಿದ. ಕೈಬಾಂಬು ಎಸೆದ, ಒಬ್ಬನನ್ನು ಗುಂಡಿಟ್ಟು ಕೊಂದ. ಮದ್ದು ತುಂಬಲು ಸಮಯ ಸಿಗದಿದ್ದಾಗ ಬಂದೂಕನ್ನು ತಿರುಗಿಸಿ ಹಿಡಿದು ಉಳಿದಿಬ್ಬರನ್ನು ಬಡಿದು ಕೆಡವಿದ. ಆಮೇಲೆ ಮರೆಯಿಂದ ಬಂದ ಗುಂಡಿಗೆ ಬಲಿಯಾದ. ವಯಸ್ಸು 22. ಇದನ್ನೇ ರೋಮ್‌ನ ನಿರ್ದೇಶಕ ತೆಗೆದಿದ್ದರೆ ‘ಅತಿಯಾಯ್ತು ಮಾರಾಯ’ ಎಂದು ನಗುತ್ತಿದ್ದರೇನೊ.

ಇನ್ನೊಬ್ಬರು ನಾಮದೇವ ಜಾಧವ. 1945ರ ಏಪ್ರಿಲ್ 9ರಂದು ಸೆನಿಯೊ ನದಿಯ ದಡದಲ್ಲಿ ಇಬ್ಬರು ಗಾಯಾಳುಗಳನ್ನು ನೀರು ದಾಟಿಸಿ, ಮೂರು ಮೆಷಿನ್‌ಗನ್ ಠಾಣ್ಯಗಳನ್ನು ಬಾಯಿ ಮುಚ್ಚಿಸಿದರು. ಅವರು ಬದುಕಿ ಊರಿಗೆ ಬಂದರು. ಘಾಡಗೆ ಅವರ ನೆನಪಿಗೆ ಇಟಲಿಯ ಮೊಂಟೋನೆ ಎಂಬ ಊರಿನಲ್ಲಿ 2023ರಲ್ಲಿ ಸ್ಮಾರಕ ಎದ್ದಿತು. ಯುದ್ಧ ಮುಗಿದು 78 ವರ್ಷವಾಗಿತ್ತು.

ಸಿನಿಮಾದಲ್ಲಿ ನಮ್ಮವರಿಲ್ಲದಿದ್ದರೂ ನಮ್ಮ ಊರಿನ ಹೆಸರೊಂದು ಇದೆ. ಮುಳ್ಳುತಂತಿಯ ಬೇಲಿ ಹಾರಿಸಲು ಸೈನಿಕರು ಉದ್ದದ ಕೊಳವೆ ತೂರಿಸಿ ಸಿಡಿಸುತ್ತಾರಲ್ಲ, ಅದರ ಹೆಸರು ‘ಬೆಂಗಳೂರು ಟಾರ್ಪೆಡೊ’. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯ ಅಧಿಕಾರಿಯೊಬ್ಬರು ಮಾಡಿದ್ದು. 1998ರ ‘ಸೇವಿಂಗ್ ಪ್ರೈವೇಟ್ ರಯಾನ್’ನಲ್ಲಿ ಸೈನಿಕರು ಆ ಹೆಸರು ಕೂಗುವುದನ್ನು ಕಿವಿಗೊಟ್ಟು ಕೇಳಬಹುದು.

ಯಾವುದನ್ನು ನೋಡಬಹುದು?

1979ರಲ್ಲಿ ‘ಅಪೊಕ್ಯಾಲಿಪ್ಸ್ ನೌ’ ಬಂದ ಮೇಲೆ ಇಟಲಿಯವರು ಮರಳು ಬಿಟ್ಟು ಕಾಡು ಹೊಕ್ಕರು. ವಿಯೆಟ್ನಾಂ ಕಥೆ, ಚಿತ್ರೀಕರಣ ಫಿಲಿಪೀನ್ಸ್‌ನಲ್ಲಿ. ಮಾರ್ಗರಿಟಿಯವರ ‘ದಿ ಲಾಸ್ಟ್ ಹಂಟರ್’ (1980), ‘ಕೋಡ್ ನೇಮ್: ವೈಲ್ಡ್ ಗೀಸ್’ (1984) ಆ ಕಾಲದವು. ‘ರ‍್ಯಾಂಬೊ’ ಗೆದ್ದ ಮೇಲೆ ಮಟ್ಟೇಯಿಯವರ ‘ಸ್ಟ್ರೈಕ್ ಕಮಾಂಡೊ’ (1987) ಬಂತು. ಅಷ್ಟೊತ್ತಿಗೆ ಕಥೆ ಸವೆದು, ಕಿರುಚಾಟ ಮತ್ತು ರಕ್ತ ಉಳಿದಿದ್ದವು. ನಗಲು ಅಡ್ಡಿಯಿಲ್ಲ, ಮೆಚ್ಚುವುದು ಕಷ್ಟ.

ಹೊಸದಾಗಿ ನೋಡುವವರು 1969ರ ‘ಈಗಲ್ಸ್ ಓವರ್ ಲಂಡನ್’ನಿಂದ ಶುರು ಮಾಡಬಹುದು. ‘ಎಲ್ ಅಲಮೇನ್’ ಹಿರಿಯರಿಗೆ ಹಿಡಿಸೀತು. ‘ಮುತ್ತಿನ ಹಾರ’ದಂತೆ (1990) ಕಣ್ಣೀರು ತರಿಸುವ ಯುದ್ಧ ಚಿತ್ರ ಬೇಕೆನ್ನುವವರಿಗೆ ಹತ್ತಿರದ್ದು ಅದೊಂದೇ. ಕಾಸ್ಟೆಲಾರಿಯವರ 1978ರ ಚಿತ್ರದಲ್ಲಿ ಮಕ್ಕಳೆದುರು ನೋಡಲಾಗದ ದೃಶ್ಯವೊಂದಿದೆ, 80ರ ದಶಕದ ಕಾಡಿನ ಚಿತ್ರಗಳಲ್ಲಿ ಹಿಂಸೆ ವಿಪರೀತ. ಅವನ್ನು ಮನೆಮಂದಿ ಮಲಗಿದ ಮೇಲೆ ಹಾಕಿಕೊಳ್ಳುವುದು ಲೇಸು.