ಗರುಡಫಲದ ಎಣ್ಣೆಯೂ ವಿಜ್ಞಾನದ ಒರೆಗಲ್ಲೂ

ವಡಾಲದ ಆಕ್ವರ್ತ್ ಕುಷ್ಠರೋಗ ಆಸ್ಪತ್ರೆ ಸ್ಥಾಪನೆಗೊಂಡದ್ದು 1890ರಲ್ಲಿ. ಅಂದು ಈ ವ್ಯಾಧಿಗೆ ವೈದ್ಯರು ನೆಚ್ಚಿದ್ದುದು ಚಾಲ್ಮೊಗ್ರ ಬೀಜದ ಎಣ್ಣೆಯನ್ನು. ಅದೇ ಕುಲದ ಗರುಡಫಲದ ಮರ ನಮ್ಮ ಪಶ್ಚಿಮಘಟ್ಟದಲ್ಲಿಯೂ ಬೆಳೆಯುತ್ತದೆ.

ಎಣ್ಣೆಯನ್ನು ಕುಡಿದರೆ ವಾಕರಿಕೆ, ಚುಚ್ಚಿದರೆ ಅಸಹನೀಯ ನೋವು. ವಿಜ್ಞಾನಿಗಳು ಅದರಿಂದ ಚಾಲ್ಮೊಗ್ರಿಕ್, ಹಿಡ್ನೋಕಾರ್ಪಿಕ್ ಆಮ್ಲಗಳನ್ನು ಬೇರ್ಪಡಿಸಿದರು. 1915ರ ಸುಮಾರಿಗೆ ಹವಾಯಿಯಲ್ಲಿ ಆಲಿಸ್ ಬಾಲ್ ಎಂಬ ತರುಣ ರಸಾಯನಶಾಸ್ತ್ರಜ್ಞೆ ಅವುಗಳನ್ನು ಚುಚ್ಚುಮದ್ದಿಗೆ ಯೋಗ್ಯವಾಗಿಸಿದರು. ಆದರೂ ಫಲ ಎಲ್ಲರಲ್ಲಿಯೂ ಒಂದೇ ತೆರನಾಗಿರಲಿಲ್ಲ. 1940ರ ದಶಕದಲ್ಲಿ ಡ್ಯಾಪ್ಸೋನ್ ಅದರ ಸ್ಥಾನಕ್ಕೆ ಬಂದಿತು. 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹು ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು.

ಸತ್ತ್ವವನ್ನು ಬೇರ್ಪಡಿಸಿ, ಪ್ರಮಾಣವನ್ನು ಅಳೆದು, ರೋಗಿಗಳಲ್ಲಿ ಪರಿಣಾಮವನ್ನು ತೂಗುವುದೇ ಸಸ್ಯೌಷಧಿಯ ಪರೀಕ್ಷೆ. ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡವರು ಮನೆಮದ್ದಿನಲ್ಲಿ ಕಾಲ ಕಳೆಯದೆ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಔಷಧ ಉಚಿತ, ರೋಗವೂ ಗುಣವಾಗುತ್ತದೆ.