ಪಕ್ಕದ ಮನೆ ಸಾಲ, ಬೀರುವಿನ ಬೀಗ

ನಮ್ಮ ನ್ಯೂಸ್‌ರೂಮಿನಲ್ಲಿ ಇಟ್ಟಂಗಿಹಾಳ ಅಂದ ತಕ್ಷಣ ನೆನಪಾಗೋದು ಫುಡ್ ಪಾರ್ಕ್. ವಿಜಯಪುರದ ಪಕ್ಕದ ಊರು. ಅಲ್ಲಿಂದ ಆಚೆ ತಿಕೋಟಾ, ಬಬಲೇಶ್ವರದ ಕಡೆ ಹೋದರೆ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿ ಶೆಡ್ಡುಗಳು. ಪಾರ್ಕ್ ಎಷ್ಟು ಎಕರೆ, ಎಷ್ಟು ಕೋಟಿ, ಎಷ್ಟು ಉದ್ಯೋಗ... ಗಂಟೆಗಟ್ಟಲೆ ಚರ್ಚೆ ಮಾಡಬಹುದು, ಮಾಡ್ತೀವಿ ಕೂಡ.

ಒಂದು ಪ್ರಶ್ನೆ ಮಾತ್ರ ಯಾವ ಪ್ಯಾನೆಲ್‌ನಲ್ಲೂ ಬರಲ್ಲ. ಸುಮಾರು 4 ಕಿಲೋ ಹಸಿ ದ್ರಾಕ್ಷಿ ಒಣಗಿದರೆ 1 ಕಿಲೋ ಒಣದ್ರಾಕ್ಷಿ. ಹಾಗಾದ್ರೆ 350 ಕಿಲೋ ಬೇಕು ಅಂದರೆ ಎಷ್ಟು ಒಣಗಿಸಬೇಕು? 1400 ಕಿಲೋ. ತೂಕ ಶೇಕಡಾ ಎಷ್ಟು ಇಳೀತು? 75. ಈ ಲೆಕ್ಕ ಬರೋ ಹುಡುಗಿ ಕ್ವಾಲಿಟಿ ಲ್ಯಾಬಿನಲ್ಲಿ ಕೂರ್ತಾಳೆ. ಬರದ ಹುಡುಗ ಅದೇ ಗೇಟಿನೊಳಗೆ ಕ್ರೇಟ್ ಹೊರ್ತಾನೆ. ಇಬ್ಬರ ದಾರಿ ಬೇರೆಯಾಗೋದು ಕಾಲೇಜಿನಲ್ಲಿ ಅಲ್ಲ ಸ್ವಾಮಿ, ನಾಲ್ಕನೇ ಐದನೇ ಕ್ಲಾಸಿನಲ್ಲಿ.

ಅತಿಶಯೋಕ್ತಿ ಅನಿಸ್ತಾ? ಹಳ್ಳಿ ಮಕ್ಕಳ ಕಲಿಕೆಯನ್ನ ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆ ನೋಡಿ. ಮೂರಂಕಿ ಸಂಖ್ಯೆಯನ್ನ ಒಂದಂಕಿಯಿಂದ ಭಾಗಿಸಬೇಕು, ಅಷ್ಟೇ. ದೇಶದ ಗ್ರಾಮೀಣ ಭಾಗದ ಐದನೇ ಕ್ಲಾಸಿನ ಮಕ್ಕಳಲ್ಲಿ ಅದನ್ನ ಮಾಡಬಲ್ಲವರು 2018ರಲ್ಲಿ ಶೇಕಡಾ 27.8. ಕೋವಿಡ್ ನಂತರ, 2022ರಲ್ಲಿ 25.6. 2024ರಲ್ಲಿ 30.7. ಏರಿದೆ, ಖುಷಿ. ಆದರೂ ಹತ್ತರಲ್ಲಿ ಸುಮಾರು ಏಳು ಮಕ್ಕಳು ಹೊರಗೇ ಇದ್ದಾರೆ.

ಇದಕ್ಕೆ ಔಷಧ ಅಂತ ಈಗ ಕೇಳಿಬರುವ ಪದ ‘ಸಹಭಾಗಿತ್ವ’. ಏನಿದು? ಸರ್ಕಾರದ ಹತ್ತಿರ ಶಾಲೆ ಇದೆ, ಮೇಷ್ಟ್ರು ಇದ್ದಾರೆ. ಸ್ವಯಂಸೇವಾ ಸಂಸ್ಥೆ ಹತ್ತಿರ ವಿಧಾನ ಇದೆ, ತರಬೇತಿ ಕೊಡೋರು ಇದ್ದಾರೆ. ಕಂಪನಿ ಹತ್ತಿರ ದುಡ್ಡಿದೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟನ್ನ ಸಮಾಜಕ್ಕೆ ಖರ್ಚು ಮಾಡಬೇಕು. 2014ರಿಂದ ಇದು ಜಾರಿಯಲ್ಲಿದೆ. ಮೂವರೂ ಸೇರಿ ಒಂದು ಒಪ್ಪಂದಕ್ಕೆ ಸಹಿ ಹಾಕ್ತಾರೆ, ನಾವು ಅದರ ಫೋಟೋ ತೋರಿಸ್ತೀವಿ.

ಕರ್ನಾಟಕಕ್ಕೆ ಇದು ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ನಲಿ-ಕಲಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ಹರಡಿತು. ವಿಜ್ಞಾನದ ಕಡೆ, 1999ರಲ್ಲಿ ಹುಟ್ಟಿದ ಅಗಸ್ತ್ಯ ಫೌಂಡೇಶನ್ನಿನ ಸಂಚಾರಿ ಪ್ರಯೋಗಾಲಯಗಳಿವೆ. ವ್ಯಾನು ಶಾಲೆ ಮುಂದೆ ನಿಲ್ಲುತ್ತೆ, ಮಕ್ಕಳು ಮುಟ್ಟಿ ನೋಡ್ತಾರೆ. ಒಳ್ಳೇದೇ. ಆದರೆ ವ್ಯಾನು ಸಂಜೆ ಹೊರಡುತ್ತೆ, ಮೇಷ್ಟ್ರು ಮಾತ್ರ ಅಲ್ಲೇ ಇರ್ತಾರೆ. ವಿಜಯಪುರದ ಮಕ್ಕಳಿಗೆ ಗೋಳಗುಮ್ಮಟದಲ್ಲಿ ಪಿಸುಮಾತು ಆಚೆ ಗೋಡೆಗೆ ಹೇಗೆ ಕೇಳುತ್ತೆ ಅಂತ ಮಾರನೇ ದಿನ ಹೇಳಬೇಕಾದವರು ಅವರೇ ತಾನೇ?

ಗಣಿತದ ದೊಡ್ಡ ಉದಾಹರಣೆ ಬೆಂಗಳೂರಿನ ಅಕ್ಷರ ಫೌಂಡೇಶನ್ ಶಿಕ್ಷಣ ಇಲಾಖೆ ಜೊತೆ ನಡೆಸಿದ ‘ಗಣಿತ ಕಲಿಕಾ ಆಂದೋಲನ’. ಶಾಲೆಗೊಂದು ಪೆಟ್ಟಿಗೆ. ಒಳಗೆ ಮಣಿಕಟ್ಟು, ಬಿಡಿ-ಹತ್ತರ ಕಡ್ಡಿಗಳು, ಭಿನ್ನರಾಶಿ ಪಟ್ಟಿಗಳು, ಆಟದ ನೋಟು, ಗಡಿಯಾರ. ಜೊತೆಗೆ ಶಿಕ್ಷಕರಿಗೆ ತರಬೇತಿ.

ಪೆಟ್ಟಿಗೆ ಏನು ಮಾಡುತ್ತೆ ಅಂತ ಅರ್ಥ ಆಗಬೇಕಾದ್ರೆ 52ರಲ್ಲಿ 27 ಕಳೀರಿ. ನಾವೆಲ್ಲ ಕಲಿತಿದ್ದು ಹೇಗೆ? “ಎರಡರಲ್ಲಿ ಏಳು ಹೋಗಲ್ಲ, ಪಕ್ಕದ ಮನೆಯಿಂದ ಸಾಲ ತಗೋ.” ನಾನು ಓದಿದ್ದು ಇಂಜಿನಿಯರಿಂಗ್. ಡಿಫರೆನ್ಷಿಯಲ್ ಈಕ್ವೇಷನ್ ಬಿಡಿಸಿ ಪಾಸಾಗಿದ್ದೀನಿ. ಆದರೆ ಮೂರನೇ ಕ್ಲಾಸಿನಲ್ಲಿ “ಆ ಸಾಲ ವಾಪಸ್ ಯಾವಾಗ ಕೊಡೋದು?” ಅಂತ ಕೇಳಿದ್ದಕ್ಕೆ ಸಿಕ್ಕಿದ್ದು ಏಟು. ಉತ್ತರ ಬಹಳ ವರ್ಷ ಸಿಗಲಿಲ್ಲ.

ಈಗ ಕಡ್ಡಿಯಲ್ಲಿ ಮಾಡಿ. ಹತ್ತರ ಕಡ್ಡಿ ಐದು, ಬಿಡಿ ಎರಡು. ಏಳು ಬಿಡಿ ಕೊಡಬೇಕು, ಇಲ್ಲ. ಒಂದು ಹತ್ತರ ಕಡ್ಡಿ ಕೊಟ್ಟು ಹತ್ತು ಬಿಡಿ ತಗೊಳ್ಳಿ. ಈಗ ಬಿಡಿ ಹನ್ನೆರಡು. ಏಳು ಕೊಟ್ಟರೆ ಐದು ಉಳೀತು. ಹತ್ತರ ಕಡ್ಡಿ ನಾಲ್ಕರಲ್ಲಿ ಎರಡು ಹೋದರೆ ಎರಡು. 25. ಇದರಲ್ಲಿ ಸಾಲ ಎಲ್ಲಿದೆ? ಯಾವ ಪಕ್ಕದ ಮನೇನೂ ಇಲ್ಲ. ನಮ್ಮದೇ ನೋಟಿಗೆ ಚಿಲ್ಲರೆ ಮಾಡಿಸಿಕೊಂಡ್ವಿ! ಸಂತೆಯಲ್ಲಿ ಅಪ್ಪನ ಜೊತೆ ತರಕಾರಿ ಮಾರುವ ಮಗುವಿಗೆ ಇದು ಮೊದಲೇ ಗೊತ್ತು. ಅದೇ ಮಗು ಕಪ್ಪುಹಲಗೆ ಮುಂದೆ ದಡ್ಡ ಅನ್ನಿಸಿಕೊಳ್ಳುತ್ತೆ.

ಆದರೆ ಪೆಟ್ಟಿಗೆಗೆ ಒಬ್ಬ ಶತ್ರು ಇದ್ದಾನೆ. ಬೀರುವಿನ ಬೀಗ. ಕಿಟ್ಟು ದಾಸ್ತಾನು ಪುಸ್ತಕಕ್ಕೆ ಏರಿದ ಕ್ಷಣದಿಂದ ಅದು ಸರ್ಕಾರಿ ಆಸ್ತಿ. ನಾಲ್ಕು ಕಡ್ಡಿ ಕಳೆದರೆ ಲೆಕ್ಕ ಕೊಡಬೇಕಾದವರು ಮುಖ್ಯ ಶಿಕ್ಷಕರು. ಮಕ್ಕಳು ಮುಟ್ಟಿದರೆ ಕಡ್ಡಿ ಕಳೆಯುತ್ತೆ, ಮುಟ್ಟದಿದ್ದರೆ ಕಲಿಯಲ್ಲ. ಹೆದರಿದ ಮೇಷ್ಟ್ರು ಬೀಗ ಹಾಕಿದರೆ ಅವರನ್ನ ಬೈಯೋದು ಸುಲಭ. ಸವೆದದ್ದನ್ನ, ಕಳೆದದ್ದನ್ನ ಖರ್ಚು ಅಂತ ಬರೆಯೋಕೆ ಇಲಾಖೆ ಅವಕಾಶ ಕೊಟ್ಟರೆ ಅರ್ಧ ಸಮಸ್ಯೆ ಮುಗೀತು ಅಂತ ನನ್ನ ಅನಿಸಿಕೆ. ಇನ್ನರ್ಧ, ಅವರಿಗೆ ಸಮಯ ಕೊಡೋದು. ಬಿಸಿಯೂಟ, ಸಮೀಕ್ಷೆ, ಚುನಾವಣೆ ಕೆಲಸ ಎಲ್ಲಾ ಮುಗಿಸಿ ಉಳಿದ ಹೊತ್ತಿನಲ್ಲಿ ಎಷ್ಟು ಕಡ್ಡಿ ಹಂಚೋಕಾಗುತ್ತೆ?

ಈ ಆಂದೋಲನದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಪೆಟ್ಟಿಗೆಯಲ್ಲ, ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆ. ಪರೀಕ್ಷೆ ಊರಲ್ಲೇ, ಬಹುಮಾನಕ್ಕೆ ದುಡ್ಡೂ ಊರಿನವರದ್ದೇ, ಅಪ್ಪ-ಅಮ್ಮಂದಿರ ಎದುರೇ ಫಲಿತಾಂಶ. ಬೆಂಗಳೂರಿನ ಕಡತಕ್ಕೆ ಹೋಗುತ್ತಿದ್ದ ಅಂಕ ಪಂಚಾಯಿತಿ ಕಟ್ಟೆಗೆ ಬಂತು. ಸದಸ್ಯರು ಚರಂಡಿ, ಬೀದಿದೀಪದ ಜೊತೆ ಭಾಗಾಕಾರದ ಬಗ್ಗೆಯೂ ಉತ್ತರ ಕೊಡುವ ಸಂದರ್ಭ ಹುಟ್ಟಿತು. ಇಲ್ಲೂ ಒಂದು ಅಪಾಯ ಇದೆ. ಟ್ರೋಫಿ ಹಿಡಿದ ಮಗುವಿನ ಫೋಟೋ ತೆಗೆದು ನಾವು ಎದ್ದು ಬಂದುಬಿಡ್ತೀವಿ. ಬೇಕಾಗಿರೋದು ಸೊನ್ನೆ ತಗೊಂಡ ಮಕ್ಕಳು ಯಾವ ಲೆಕ್ಕದಲ್ಲಿ ಎಡವಿದ್ರು ಅನ್ನೋದು.

ಇನ್ನು ದುಡ್ಡಿನ ವಿಷಯ. ಕಂಪನಿಯ ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತೆ. ಒಂದನೇ ಕ್ಲಾಸಿಗೆ ಸೇರಿದ ಮಗು ಐದನೇದು ಮುಗಿಸೋಕೆ ಐದು ಮಾರ್ಚ್ ಬೇಕು. ಮಧ್ಯೆ ದಾನಿ ಬದಲಾದ್ರೆ, ಅಧಿಕಾರಿ ವರ್ಗವಾದ್ರೆ, ಪೆಟ್ಟಿಗೆ ಉಳಿಯುತ್ತೆ, ತರಬೇತಿ ನಿಲ್ಲುತ್ತೆ. ಮುಂದಿನ ಬಾರಿ ಒಪ್ಪಂದದ ಸಹಿ ಸಮಾರಂಭಕ್ಕೆ ನಮ್ಮ ಮೈಕು ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ “ಎಷ್ಟು ಕೋಟಿ?” ಅಲ್ಲ, “ಎಷ್ಟು ವರ್ಷ?”

ಇವತ್ತು ಟಿವಿ ಆಫ್ ಮಾಡಿದ ಮೇಲೆ ಮನೆಯಲ್ಲಿರೋ ಐದನೇ ಕ್ಲಾಸಿನ ಮಗುವಿಗೆ 52ರಲ್ಲಿ 27 ಕಳೆಯೋಕೆ ಹೇಳಿ. 25 ಅಂತ ಬಂದ ಮೇಲೆ ಆ ಹತ್ತು ಎಲ್ಲಿಂದ ಬಂತು ಅಂತ ಕೇಳಿ. ಬೆಂಕಿಕಡ್ಡಿ, ಹುಣಸೆ ಬೀಜ ಏನಿದ್ದರೂ ಸಾಕು, ಅವರೇ ತೋರಿಸಲಿ.