ಕಬ್ಬಿನ ನಾಡಿನಲ್ಲಿ ಸಕ್ಕರೆಯ ಜಾಡು

ಕಬ್ಬು ನುರಿಸುವ ಹಂಗಾಮು ಬಂತೆಂದರೆ ನಿಡಸೋಸಿಯ ಗಾಳಿಗೂ ಸಿಹಿ ಅಡರುತ್ತದೆ. ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯತ್ತ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಟ್ರಾಲಿಯಿಂದ ಜಾರಿದ ಜಲ್ಲೆಗೆ ಹುಡುಗರು ಮುಗಿಬೀಳುತ್ತಾರೆ. ಚಹಾದಂಗಡಿಯ ಬಾಕಿನ ಮೇಲೆ ಧೋತರ, ಬಿಳಿ ಟೋಪಿಯ ಹಿರಿಯರು. ಮಾತು ಕಬ್ಬಿನ ಬಿಲ್ಲಿನಿಂದ ಬ್ಯಾನಿಯತ್ತ ಹೊರಳುತ್ತದೆ.

“ರಾತ್ರಿ ಒಂದಕ್ಕ ನಾಕ್ ಸಲ ಏಳಬೇಕಾಗೇತಿ.”

“ಸಕ್ರಿ ಬಿಡ್ರಿ ಕಾಕಾ, ಕ್ಯಾನ್ಸರ್ ಗಡ್ಡಿಗೆ ಸಕ್ರೀನ ಊಟ ಅಂತ!”

ಅರ್ಧ ನಿಜ. ಗಡ್ಡೆಗಳು ಸಕ್ಕರೆಯನ್ನು ಗಬಗಬನೆ ನುಂಗುವುದನ್ನು ಜರ್ಮನಿಯ ವಿಜ್ಞಾನಿ ಆಟೊ ವಾರ್‌ಬರ್ಗ್ 1920ರ ದಶಕದಲ್ಲೇ ಕಂಡಿದ್ದ. ಕ್ಯಾನ್ಸರ್ ಹುಡುಕುವ ಪೆಟ್ ಸ್ಕ್ಯಾನ್ ನಡೆಯುವುದೂ ಅದೇ ಹಸಿವಿನ ಜಾಡು ಹಿಡಿದು. ವಿಕಿರಣ ಬೆರೆಸಿದ ಎಫ್‌ಡಿಜಿ ಎಂಬ ಸಕ್ಕರೆಯನ್ನು ನರಕ್ಕೆ ಚುಚ್ಚಿ, ಒಂದು ತಾಸು ಸುಮ್ಮನೆ ಮಲಗಿಸುತ್ತಾರೆ. ಜೀವಕೋಶ ಅದನ್ನು ನುಂಗುತ್ತದೆ, ಅರಗಿಸಿಕೊಳ್ಳಲಾರದು. ಸಿಕ್ಕಿಬಿದ್ದಲ್ಲೇ ಅದು ಚಿತ್ರದಲ್ಲಿ ಹೊಳೆಯುತ್ತದೆ. ಹಾಗೆಂದು ಚಹಾಕ್ಕೆ ಸಕ್ಕರೆ ಬಿಟ್ಟರೆ ಗಡ್ಡೆ ಉಪವಾಸ ಬೀಳುವುದಿಲ್ಲ. ದೇಹ ತನಗೆ ಬೇಕಾದ ಗ್ಲುಕೋಸನ್ನು ತಾನೇ ಮಾಡಿಕೊಳ್ಳುತ್ತದೆ.

ಕಾಕಾಗಳನ್ನು ರಾತ್ರಿ ಏಳಿಸಬಹುದಾದ ಪ್ರಾಸ್ಟೇಟ್ ಗ್ರಂಥಿ ಮಾತ್ರ ಈ ವಿಷಯದಲ್ಲಿ ಹಟಮಾರಿ. ಆರೋಗ್ಯವಂತ ಗ್ರಂಥಿ ಸತುವನ್ನು ಕೂಡಿಟ್ಟು ಸಿಟ್ರೇಟ್ ಸುರಿಸುತ್ತದೆ. ಕ್ಯಾನ್ಸರ್ ಹೊಕ್ಕರೆ ಆ ಕಸುಬು ಕೆಡುತ್ತದೆ. ಆದರೂ ಮೊದಮೊದಲು ಅದಕ್ಕೆ ಸಕ್ಕರೆಯ ಹಸಿವು ಅಷ್ಟಕ್ಕಷ್ಟೆ. ಸಾಲದ್ದಕ್ಕೆ, ಎಫ್‌ಡಿಜಿ ಮೂತ್ರದಲ್ಲಿ ಹೊರಬೀಳುವುದರಿಂದ ಪಕ್ಕದ ಮೂತ್ರಕೋಶವೇ ದೀಪದಂತೆ ಉರಿದು ಗ್ರಂಥಿಯನ್ನು ಮಸುಕಾಗಿಸುತ್ತದೆ. ಅದಕ್ಕೇ ವೈದ್ಯರು ಗಡ್ಡೆಯ ಕೋಶಗಳ ಮೈಮೇಲಿನ ಪಿಎಸ್‌ಎಂಎ ಎಂಬ ಪ್ರೋಟೀನನ್ನು ಹುಡುಕುವ ಮದ್ದಿಗೆ ಗ್ಯಾಲಿಯಂ-68ರಂಥ ವಿಕಿರಣಧಾತು ಬೆರೆಸಿ ಅದಕ್ಕೆ ಮೊರೆಹೋದರು. ಆ ಗ್ಯಾಲಿಯಂನ ಅರ್ಧಾಯುಷ್ಯ 68 ನಿಮಿಷ. ತಯಾರಾದ ಕೂಡಲೇ ಬಳಸಬೇಕು.

ಹಾಗಾದರೆ ಸಕ್ಕರೆಯ ಸ್ಕ್ಯಾನ್ ದಂಡವೇ? ಅಲ್ಲ. ರೋಗ ಕ್ರೂರವಾಗುತ್ತ ಹೋದಂತೆ ಕೆಲವು ಗಡ್ಡೆಗಳು ಪಿಎಸ್‌ಎಂಎ ಕಳಚಿಕೊಂಡು ಸಕ್ಕರೆಗೆ ಬಾಯಿಬಿಡುತ್ತವೆ. ಪಿಎಸ್‌ಎಂಎ ಚಿತ್ರದಲ್ಲಿ ಕತ್ತಲೆ, ಸಕ್ಕರೆಯ ಚಿತ್ರದಲ್ಲಿ ಬೆಳಕು ಕಂಡರೆ ವೈದ್ಯರ ಹುಬ್ಬು ಗಂಟಿಕ್ಕುತ್ತದೆ. ನನಗೆ ಇದಕ್ಕಿಂತ ಬೆರಗೆನಿಸಿದ್ದು ಕಾರ್ಬನ್-13 ಪೈರುವೇಟ್: ವಿಕಿರಣವಿಲ್ಲದ ಇದನ್ನು ಚುಚ್ಚಿ, ಗಡ್ಡೆ ಅದನ್ನು ಲ್ಯಾಕ್ಟೇಟ್ ಮಾಡುವ ವೇಗವನ್ನು ಎಂಆರ್‌ಐನಲ್ಲಿ ನಿಮಿಷಗಳೊಳಗೆ ಹಿಡಿಯುತ್ತಾರೆ. ಪ್ರಾಸ್ಟೇಟ್ ರೋಗಿಗಳ ಮೇಲಿನ ಮೊದಲ ಪ್ರಯೋಗದ ವರದಿ ಅಮೆರಿಕದಿಂದ 2013ರಲ್ಲಿ ಬಂತು. ಅದಿನ್ನೂ ಸಂಶೋಧನಾಲಯದ ಮಾತು.

ರಾತ್ರಿ ಏಳುವವರಿಗೆಲ್ಲ ಕ್ಯಾನ್ಸರ್ ಇರುವುದಿಲ್ಲ. ಅನೇಕರಿಗೆ ವಯಸ್ಸಿನೊಂದಿಗೆ ಹಿಗ್ಗಿದ ಗ್ರಂಥಿಯ ಕಾಟ. ಕ್ಯಾನ್ಸರ್ ಮೊದಲಿಗೆ ಸದ್ದು ಮಾಡದೆಯೂ ಇರಬಹುದು. ಐವತ್ತು ದಾಟಿದ ಕಾಕಾಗಳೇ, ನಾಚದೆ ವೈದ್ಯರ ಮುಂದೆ ಬಾಯಿಬಿಡಿ, ಪ್ರಾಸ್ಟೇಟಿನ ಸುಳಿವು ಕೊಡುವ ಪಿಎಸ್‌ಎ ರಕ್ತಪರೀಕ್ಷೆ ನಿಮಗೆ ಬೇಕೋ ಬೇಡವೋ ಕೇಳಿ. ಸ್ಕ್ಯಾನಿನ ಮಾತು ಆಮೇಲೆ.